ಬರ್ಮಾದ ಸೊಸೆಗೆ ನಂಜನಗೂಡಿನ ತವರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಉಳಿದದ್ದೆಲ್ಲ ಆಮೇಲೆ, ಇದನ್ನು ಮೊದಲು ಹೇಳಿಬಿಡುತ್ತೇನೆ. ಅಂಗನವಾಡಿಯಲ್ಲಿ ಆಯಾ ಆಗಿದ್ದುಕೊಂಡು ಊರಿನ ಅರ್ಧ ಮಕ್ಕಳಿಗೆ ಉಪ್ಪಿಟ್ಟು ತಿನ್ನಿಸಿ ಮಲಗಿಸಿದವಳು ನಾನು. ಮಕ್ಕಳೆಂದರೆ ನನಗೆ ಹೊಸತಲ್ಲ. ಆದರೂ ಈ ಕೂಸು ಆಕಳಿಸಿದರೆ ಸಾಕು, ಅಕ್ಕಪಕ್ಕದವರನ್ನು ಕೂಗಿ ಕರೆದು ತೋರಿಸುತ್ತೇನೆ. "ಯಾಕವ್ವ, ಆಕಳ್ಸೋ ಮೊಗೀನ ನೀನು ಎಲ್ಲೂ ಕಂಡೇ ಇಲ್ವ?" ಎಂದು ನಗುತ್ತಾರೆ. ನಗಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಬರೆಯುವ ರೂಢಿಯಿಲ್ಲ. ಆದರೆ ಸಂತೋಷ ಒಳಗೆ ಹಿಡಿಸದೆ ಉಕ್ಕುತ್ತಿದೆ, ಉಕ್ಕಿದ್ದನ್ನು ಎಲ್ಲಾದರೂ ಬಗ್ಗಿಸಲೇಬೇಕಲ್ಲ.

ನಮ್ಮದು ನರಸೀಪುರ ತಾಲ್ಲೂಕು, ಮೂಗೂರಿನ ಕಡೆಯ ಊರು. ನಮ್ಮ ಯಜಮಾನರು ನೀರುಗಂಟಿಯಾಗಿದ್ದವರು. ಕಾಲುವೆಯ ನೀರನ್ನು ಗದ್ದೆಗದ್ದೆಗೂ ಹಂಚುವ ಕೆಲಸ. ಒಬ್ಬನೇ ಮಗ, ಮೈಸೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿದ್ದಾನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಅವನು ಮದುವೆಯಾದದ್ದು ಬರ್ಮಾ ದೇಶದ ಹುಡುಗಿಯನ್ನು. ಅದೇ ಕಾಲೇಜಿಗೆ ಓದಲು ಬಂದವಳು. ಓದು ಮುಗಿಯುವುದರೊಳಗೆ ಅವಳ ದೇಶದಲ್ಲಿ ಯುದ್ಧ ಹತ್ತಿಕೊಂಡಿತು. ಹೊರಗಿನ ದೇಶದವರ ಜೊತೆ ಅಲ್ಲ, ತಮ್ಮತಮ್ಮಲ್ಲೇ. ಹೋಗಲು ದಾರಿಯಿಲ್ಲದೆ ಅವಳು ಇಲ್ಲೇ ಉಳಿದಳು.

ನಮ್ಮದು ಬುದ್ಧನ ಪಟ ಇಟ್ಟುಕೊಂಡ ಮನೆ. ಮಗ ಅವಳನ್ನು ಮೊದಲ ಸಲ ಕರೆದುಕೊಂಡು ಬಂದಾಗ ಅವಳು ನಮ್ಮನ್ನು ಯಾರನ್ನೂ ಮಾತಾಡಿಸಲಿಲ್ಲ. ನೇರವಾಗಿ ಪಟದ ಮುಂದೆ ಹೋಗಿ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಹಚ್ಚಿ ನಮಸ್ಕಾರ ಮಾಡಿದಳು. ನಾನು ಮಗನ ಮುಖ ನೋಡುತ್ತಿದ್ದೆ, ಯಜಮಾನರು ಹುಡುಗಿಯನ್ನು ನೋಡುತ್ತಿದ್ದರು. "ಈ ಉಡುಗಿ ನಮ್ಮೋಳೇ ಕಣಮ್ಮಿ" ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟರು. ನನ್ನನ್ನು ಕೇಳಲೂ ಇಲ್ಲ.

ಅವಳ ಕನ್ನಡದ ವಿಷಯ ಹೇಳದಿದ್ದರೆ ಅವಳ ವಿಷಯ ಹೇಳಿದಂತೆ ಆಗುವುದಿಲ್ಲ. ನಮ್ಮ ಕಡೆ 'ಹ' ನಾಲಿಗೆಗೆ ಬರುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಮಗ ಅವಳಿಗೆ, "ನಮ್ಮೂರಲ್ಲಿ 'ಹ' ನುಂಗಿಬಿಡ್ತಾರೆ, ನೀನೇ ಸೇರಿಸ್ಕೊಂಡು ಅರ್ಥ ಮಾಡ್ಕೋ" ಎಂದು ಹೇಳಿಕೊಟ್ಟಿದ್ದ. ಪಾಪ, ಅವಳು ಸಿಕ್ಕಿದ್ದಕ್ಕೆಲ್ಲ ಸೇರಿಸಿಬಿಟ್ಟಳು. ನಾನು ಹತ್ತೆಯಾದೆ. ಸೊಸೆಯಾಗಿ ಬಂದ ಮಾರನೇ ದಿನ ಅಡುಗೆಮನೆಯಿಂದ ಕೂಗಿದಳು:

"ಹತ್ತೆ, ಹಕ್ಕಿ ತೊಳೆದಿದ್ದೀನಿ!"

ಜಗುಲಿಯ ಮೇಲೆ ಎಲೆಯಡಿಕೆ ಹಾಕುತ್ತಿದ್ದ ಯಜಮಾನರು ಅಲ್ಲಿಂದಲೇ ಉತ್ತರ ಕೊಟ್ಟರು: "ಬ್ಯಾಗ ಮುಚ್ಚಿಡವ್ವ, ಆರೋಗ್ಬುಟ್ಟಾವು!"

ಅವಳು ತಟ್ಟೆ ಹುಡುಕಿ ಪಾತ್ರೆಯ ಮೇಲೆ ಮುಚ್ಚಿದಳು. ಆಮೇಲೆ ನಾವು ನಗುತ್ತಿರುವುದನ್ನು ನೋಡಿ, ಕಾರಣ ತಿಳಿದು, ನಮಗಿಂತ ಜಾಸ್ತಿ ನಕ್ಕಳು. ನಗುವ ಹೆಣ್ಣು ಮನೆಗೆ ಬಂದರೆ ಉಳಿದದ್ದೆಲ್ಲ ಹೇಗೋ ಆಗುತ್ತದೆ.

ಮದುವೆಗೆ ಅವಳ ಕಡೆಯಿಂದ ಯಾರೂ ಬರಲಾಗಲಿಲ್ಲ. ತಂದೆ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ತಾಯಿ ಫೋನಿನಲ್ಲೇ ನೋಡಿ, ಎರಡೂ ಕೈ ಜೋಡಿಸಿ ಏನೋ ಮಂತ್ರ ಹೇಳಿದರು. ಮದುವೆಯಾದ ಮೇಲೆ ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕುವುದು ನಮ್ಮಲ್ಲಿ ಪದ್ಧತಿ, ಬೀಗರೂಟ ಎನ್ನುತ್ತೇವೆ. "ಬೀಗ್ರೇ ಇಲ್ದೆ ಬೀಗ್ರೂಟ ಯಾರ್ಗಮ್ಮಿ ಆಕಾನ?" ಎಂದರು ಯಜಮಾನರು. ಊರಿನವರೇ ಉಂಡು ಹೋದರು. ಎಲ್ಲ ಇತ್ತು, ಆದರೆ ಊಟಕ್ಕೆ ಕೊಂಕು ತೆಗೆಯುವ ಬೀಗರಿಲ್ಲದೆ ಸಪ್ಪೆ ಅನ್ನಿಸಿತು.

ಅವಳ ಮನೆಯ ಕಥೆಯನ್ನು ಅವಳು ಸೊಪ್ಪು ಬಿಡಿಸುತ್ತಾ, ಅವರೆಕಾಯಿ ಸುಲಿಯುತ್ತಾ ಸ್ವಲ್ಪಸ್ವಲ್ಪವಾಗಿ ಹೇಳಿದ್ದಾಳೆ. ಜನ ಓಟು ಹಾಕಿ ಗೆಲ್ಲಿಸಿದ ಸರ್ಕಾರವನ್ನು ಮಿಲಿಟರಿಯವರು ಕಿತ್ತುಕೊಂಡರಂತೆ. ಅವಳಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ಮೊದಲಿಂದಲೂ ಮಿಲಿಟರಿಯಲ್ಲಿದ್ದವನು, ಬಿಟ್ಟು ಬರುವ ಹಾಗಿಲ್ಲ. ತಮ್ಮ ಓದು ಬಿಟ್ಟು, ಮಿಲಿಟರಿಯ ಮೇಲೆ ಬಂದೂಕು ಹಿಡಿದ ಹುಡುಗರ ಜೊತೆ ಕಾಡು ಸೇರಿದ. ನಡುವೆ ಇರುವ ಊರಿನಲ್ಲಿ ತಾಯಿ ಒಬ್ಬರೇ. ಇಬ್ಬರೂ ತಾಯಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಾರೆ, ತಾಯಿ ಒಬ್ಬನ ಹತ್ತಿರ ಇನ್ನೊಬ್ಬನ ಹೆಸರು ಎತ್ತಿದರೆ ಫೋನು ಇಟ್ಟುಬಿಡುತ್ತಾರೆ.

ಒಂದು ಸಲ ಅವಳು ಆ ಮಿಲಿಟರಿ ದೊಡ್ಡವರ ಫೋಟೊ ತೋರಿಸಿದಳು. ಎದೆಯ ಎರಡೂ ಕಡೆ ಸಾಲುಸಾಲು ಬಿಲ್ಲೆ. ಯಜಮಾನರು ಕನ್ನಡಕ ಹಾಕಿಕೊಂಡು ನೋಡಿ, "ನಮ್ ಬ್ಯಾಂಡ್‌ಸೆಟ್ ಮೇಷ್ಟ್ರಂಗೇ ಅವ್ನಲ್ಲವ್ವ. ಇವ್ನಿಗೊಂದು ವಾಲಗ ಕೊಟ್ಟು ಕಳ್ಸಿದ್ರೆ ದೇಸ ಉಳೀತಿತ್ತು" ಎಂದರು. ಅವಳು ಆ ಮಾತನ್ನು ತನ್ನ ಭಾಷೆಗೆ ತಿರುಗಿಸಿ ವಿಡಿಯೊ ಫೋನಿನಲ್ಲಿ ತಾಯಿಗೆ ಹೇಳಿದಳು. ಆ ಕಡೆಯಿಂದ ತಾಯಿ ನಕ್ಕ ಸದ್ದು ನಮ್ಮ ಅಡುಗೆಮನೆಯಲ್ಲೆಲ್ಲ ಕೇಳಿಸಿತು. ತಕ್ಷಣ ಆಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿ ನೋಡಿದರು. ಆ ಊರಿನಲ್ಲಿ ನಗುವುದಕ್ಕೂ ಅಕ್ಕಪಕ್ಕ ನೋಡಬೇಕು ಎಂದು ನನಗೆ ಆಗ ತಿಳಿಯಿತು.

ನಾವೇನು ಕಡಿಮೆಯವರಲ್ಲ. ನಮ್ಮಲ್ಲೂ ಒಂದು ಯುದ್ಧ ನಡೆಯುತ್ತಿತ್ತು. ನನ್ನ ತಮ್ಮನ ಊರು ನಂಜನಗೂಡು ತಾಲ್ಲೂಕು, ದೇವನೂರಿನ ಕಡೆ. ಫ್ಯಾಕ್ಟರಿಯಲ್ಲಿ ದುಡಿದು ಈಗ ಮನೆಯಲ್ಲಿದ್ದಾನೆ. ಅವನಿಗೆ ಒಬ್ಬ ಲೀಡರ್, ನಮ್ಮ ಯಜಮಾನರಿಗೆ ಇನ್ನೊಬ್ಬ ಲೀಡರ್. ಒಂದು ಎಲೆಕ್ಷನ್ ಸಮಯದಲ್ಲಿ ತಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು.

"ನಿಮ್ ಲೀಡ್ರು ಇನ್ನೊಬ್ರ ಕುರ್ಚಿ ಒರ್ಸೋಕೇ ಉಟ್ಟವ್ನೆ ಬಾವ" ಎಂದ ತಮ್ಮ.

ಯಜಮಾನರು ಎಲೆಯ ಮುಂದಿನಿಂದ ಎದ್ದೇಬಿಟ್ಟರು. ಹೊಸಲು ದಾಟಿ ಬೀದಿಯಲ್ಲಿ ನಿಂತು, ಕೇರಿಯೆಲ್ಲ ಕೇಳುವಂತೆ ಆಣೆ ಮಾಡಿದರು: "ಇನ್ನು ನಿನ್ ಒಸ್ಲು ತುಳುದ್ರೆ ನಾನು ನಿನ್ ಬಾವನೇ ಅಲ್ಲ ಕಣ್ಲಾ!"

ತಮ್ಮನೂ ಬಿಡಲಿಲ್ಲ. "ನಿನ್ ಮನೇಲಿ ನೀರು ಮುಟ್ಟುದ್ರೆ ಕೇಳು!"

ಆ ಎಲೆಕ್ಷನ್ ಮುಗಿಯಿತು, ಇನ್ನೊಂದು ಬಂತು. ಅಷ್ಟರೊಳಗೆ ಆ ಲೀಡರುಗಳಿಬ್ಬರೂ ಒಂದೇ ಪಾರ್ಟಿ ಸೇರಿಕೊಂಡರು. ನರಸೀಪುರದ ಸಭೆಯಲ್ಲಿ ಒಂದೇ ದೊಡ್ಡ ಹಾರದೊಳಗೆ ಇಬ್ಬರೂ ಕುತ್ತಿಗೆ ತೂರಿಸಿಕೊಂಡು ನಿಂತು ಕೈಯೆತ್ತಿದರು. ನಮ್ಮ ಮನೆಯ ಎರಡು ಕಡೆಯವರಿಗೆ ಮಾತ್ರ ಆ ಸುದ್ದಿ ತಲುಪಲಿಲ್ಲ ಅನ್ನಿಸುತ್ತದೆ. ನಾನು ಹಬ್ಬಕ್ಕೆ ಒಬ್ಬಳೇ ತವರಿಗೆ ಹೋಗಿ ಬರುತ್ತಿದ್ದೆ. ಮಗನ ಮದುವೆಗೆ ತಮ್ಮ ಬಂದ. ಸೋದರಮಾವ ಬರದಿದ್ದರೆ ಹೇಗೆ? ಹೂವು ಹಾಕಿ ಹರಸಿದ, ಊಟ ಮಾಡದೆ, ನೀರೂ ಕುಡಿಯದೆ ಹೊರಟುಹೋದ. ಇದನ್ನೆಲ್ಲ ನಾನು ಸೊಸೆಗೆ ವಿವರಿಸಿದಾಗ ಅವಳು ಕಣ್ಣರಳಿಸಿ ಕೇಳಿದಳು: "ಹಾಗಾದ್ರೆ ಇಲ್ಲೂ ಕಾಡಿಗೆ ಹೋಗ್ತಾರಾ ಹತ್ತೆ?"

"ಇಲ್ಲ ಕಣವ್ವ, ಇಲ್ಲಿ ಟೀ ಅಂಗಡಿಗೆ ಓಯ್ತರೆ" ಎಂದೆ.

ಸೊಸೆ ಬಸುರಿಯಾದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾವಿನಕಾಯಿಯ ಕಾಲವಲ್ಲದಿದ್ದರೂ ಎಲ್ಲಿಂದಲೋ ತಂದುಕೊಟ್ಟೆ. ಅವಳ ತಾಯಿಗೂ ಸುದ್ದಿ ಮುಟ್ಟಿತು. ಆದರೆ ಅದಾದ ಸ್ವಲ್ಪ ದಿನಕ್ಕೆ ಅವರ ಊರಿನ ಮೇಲೆ ಬಾಂಬು ಬಿತ್ತು ಎಂದು ಮಗ ಫೋನಿನಲ್ಲಿ ನೋಡಿ ಹೇಳಿದ. ಅಂದಿನಿಂದ ತಾಯಿಗೆ ಫೋನು ಹೋಗುತ್ತಿರಲಿಲ್ಲ. ಅಣ್ಣ ತಮ್ಮನ ಸುದ್ದಿಯೂ ತಾಯಿಯ ಮೂಲಕವೇ ಬರಬೇಕಾಗಿತ್ತು. ಸೊಸೆ ದಿನಾ ಬೆಳಗ್ಗೆ ಹಿತ್ತಿಲ ಬಾಗಿಲಲ್ಲಿ ಕೂತು ಫೋನು ಮಾಡುತ್ತಿದ್ದಳು. ಆ ಕಡೆಯಿಂದ ಒಂದು ಹೆಂಗಸಿನ ರೆಕಾರ್ಡು ದನಿ ಒಂದೇ ಮಾತನ್ನು ಹೇಳಿ ನಿಲ್ಲುತ್ತಿತ್ತು.

"ಏನಂದಳವ್ವ?" ಎಂದು ಯಜಮಾನರು ದಿನಾ ಕೇಳುತ್ತಿದ್ದರು, ಇವತ್ತಾದರೂ ಬೇರೆ ಏನಾದರೂ ಹೇಳಿರಬಹುದು ಅನ್ನುವ ಹಾಗೆ.

ಹೊಟ್ಟೆ ಕಾಣುವಷ್ಟಾದಾಗ ಊರಿನ ಹೆಂಗಸರು ಕೇಳತೊಡಗಿದರು: "ತವ್ರಿಗೆ ಯಾವಾಗ ಕಳುಸ್ತೀಯಕ್ಕ?" ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ನಾನೇ ಬಾಣಂತನ ಮಾಡುತ್ತೇನೆ, ನನಗೇನು ಬಾರದ್ದು ಎಂದುಕೊಂಡಿದ್ದೆ. ಆದರೆ ಒಂದು ವಿಷಯ ಗಮನಿಸಿದೆ. ಅವಳು ಕಾಲು ಚಾಚಿ ಮಲಗಿರುತ್ತಾಳೆ, ನಾನು ಒಳಗೆ ಬಂದರೆ ಸಾಕು, ಆ ಹೊಟ್ಟೆ ಹೊತ್ತುಕೊಂಡು ಎದ್ದು ಕೂರುತ್ತಾಳೆ. ಮಲಗು ಎಂದರೂ ಕೇಳುವುದಿಲ್ಲ. ಬೇಕಾದ್ದು ಬಾಯಿಬಿಟ್ಟು ಕೇಳುವುದಿಲ್ಲ. ಅತ್ತೆ ಎಷ್ಟು ಒಳ್ಳೆಯವಳಾದರೂ ಅತ್ತೆಯೇ. ಬಾಣಂತಿಯಾದವಳಿಗೆ "ಅವ್ವಾ, ನೀರು ಕೊಡು, ಸಾರು ಸಪ್ಪೆ, ಬೆನ್ನು ತಿಕ್ಕು" ಎಂದು ರೇಗುವುದಕ್ಕೆ ಒಂದು ಜಾಗ ಬೇಕು. ಆ ಜಾಗಕ್ಕೇ ತವರು ಅನ್ನುವುದು.

ಒಂದು ಬೆಳಗ್ಗೆ ಫೋನು ಮಡಿಲಲ್ಲಿಟ್ಟುಕೊಂಡು ಅವಳು ನನ್ನನ್ನು ಕೇಳಿದಳು: "ನಮ್ಮಲ್ಲೂ ಹಾಗೇ ಹತ್ತೆ. ಮಗು ಆದ್ರೆ ಅಮ್ಮ ಬರ್ತಾಳೆ. ಹರಿಶಿನ ಹಚ್ತಾಳೆ. ಅಮ್ಮ ಇದ್ದಾಳೋ ಇಲ್ವೋ ಗೊತ್ತಿಲ್ದೆ ನಾನು ಹೇಗೆ ಹೆರ್ಲಿ?"

ಅವಳ ತಾಯಿಯನ್ನು ತಂದುಕೊಡುವ ಶಕ್ತಿ ನನಗಿಲ್ಲ. ಆದರೆ ಒಂದು ತವರನ್ನು ತರಬಹುದಲ್ಲ. ಮಾರನೇ ದಿನವೇ ಸೀರೆ ಬದಲಾಯಿಸಿ ಬಸ್ಸು ಹತ್ತಿದೆ.

ಸುತ್ತೂರು ದಾಟುವವರೆಗೂ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ತಮ್ಮನ ಮನೆಯಲ್ಲಿ ಬರೀ ಗಂಡುಮಕ್ಕಳು. ಅವನ ಹೆಂಡತಿಗೆ ಒಂದು ಹೆಣ್ಣಿಲ್ಲವೆಂಬ ಕೊರಗು ಮೊದಲಿಂದಲೂ ಇದೆ. ಕಂಡವರ ಮನೆ ಬಾಣಂತಿಯರಿಗೆಲ್ಲ ಮೆಣಸಿನ ಸಾರು ಮಾಡಿ ಕಳಿಸುತ್ತಾಳೆ. ನಾನು ಹೋದಾಗ ಅವಳು ರಾಗಿ ಕೇರುತ್ತಿದ್ದಳು. ತಮ್ಮ ರೇಡಿಯೊ ಬಿಚ್ಚಿಕೊಂಡು ಕೂತಿದ್ದ.

"ನಿನಗೊಬ್ಬಳು ಮಗಳನ್ನ ತಂದಿದೀನಿ ಕಣ್ಲಾ" ಎಂದೆ.

"ಎಲ್ಲವ್ಳೆ?" ಎಂದು ಅವನು ನನ್ನ ಬೆನ್ನ ಹಿಂದೆ ನೋಡಿದ.

"ಮನೇಲವ್ಳೆ. ನನ್ ಸೊಸೆ. ತವ್ರಿಲ್ದೆ ಒದ್ದಾಡ್ತಾವ್ಳೆ. ನೀವಿಬ್ರೂ ಅಪ್ಪ ಅವ್ವ ಆಗ್ಬೇಕು."

ತಮ್ಮ ಬಾಯಿ ತೆರೆಯುವುದರೊಳಗೆ ಅವನ ಹೆಂಡತಿ ಮೊರವನ್ನು ಕೆಳಗಿಟ್ಟು ಎದ್ದಳು. "ಯಾವತ್ತು ಕರ್ಕೊಂಡ್ ಬರ್ಲಿ ಅತ್ಗೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಅಟ್ಟದ ಮೇಲಿನ ಹಂಡೆಯನ್ನು ಇಳಿಸತೊಡಗಿದಳು.

ತಮ್ಮ ತಲೆ ಕೆರೆದುಕೊಂಡ. "ಅಲ್ಲಕ್ಕ, ಅವ್ಳು ನನ್ ಮಗ್ಳಾದ್ರೆ, ನಿನ್ ಮಗ ಸ್ವಾದ್ರಮಾವನ್ ಮಗ್ಳನ್ನೇ ಕಟ್ಕಂಡಂಗಾಯ್ತು. ಸಂಬಂದ ಸರೀಗೈತೆ. ಮೊದ್ಲೇ ಮಾವ ಅಂತಿದ್ದ, ಈಗ್ಲೂ ಮಾವ್ನೇ." ಎಂದವನೇ ಮುಖ ಗಂಟಿಕ್ಕಿಕೊಂಡ. "ಆದ್ರೆ ಆ ನಿನ್ ಗಂಡ?"

"ಅವ್ರು ನಿಂಗೆ ಬೀಗ್ರಾಯ್ತರೆ" ಎಂದೆ. ಅಷ್ಟೇ ಹೇಳಿದ್ದು. ಅದು ಅವನ ತಲೆಯೊಳಗೆ ಕೂತು ಕೆಲಸ ಮಾಡುತ್ತದೆಂದು ನನಗೂ ತಿಳಿದಿರಲಿಲ್ಲ.

ಏಳನೇ ತಿಂಗಳಲ್ಲಿ ಅವನ ಹೆಂಡತಿ ಮಡಿಲಕ್ಕಿ ತೆಗೆದುಕೊಂಡು ನಮ್ಮ ಮನೆಗೆ ಬಂದಳು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಯಡಿಕೆ, ಹಸಿರು ಬಳೆ, ಒಂದು ಹಸಿರು ಸೀರೆ. ನಮ್ಮ ಸೊಸೆಯನ್ನು ಕೂರಿಸಿ ಮಡಿಲು ತುಂಬಿದಳು. ಅದೇನೆಂದು ತಿಳಿಯದಿದ್ದರೂ ಸೊಸೆ ಎರಡೂ ಕೈಯಲ್ಲಿ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಒಂದು ಕಾಳೂ ಕೆಳಗೆ ಬೀಳದ ಹಾಗೆ. ನನ್ನ ತಮ್ಮನ ಹೆಂಡತಿ ಅವಳ ಕೆನ್ನೆ ಹಿಡಿದು, "ನಾನು ನಿನ್ ಅವ್ವ ಕಣವ್ವ. ನಿಮ್ಮವ್ವ ಬರೋಗಂಟ ನಾನು. ಬಂದ್ಮೇಲೂ ನಾನು" ಎಂದಳು. ಸೊಸೆ ಅವಳ ಹೆಗಲಿನ ಮೇಲೆ ಮುಖವಿಟ್ಟು ಜೋರಾಗಿ ಅತ್ತಳು. ಅಷ್ಟು ದಿನ ನಮ್ಮ ಮನೆಯಲ್ಲಿ ಅವಳು ಸದ್ದು ಮಾಡಿ ಅತ್ತಿರಲಿಲ್ಲ. ಅಳುವುದಕ್ಕೂ ತವರೇ ಬೇಕಾಯಿತು ನೋಡಿ.

ಯಜಮಾನರು ಬಸ್‌ಸ್ಟಾಂಡಿನವರೆಗೂ ಬಂದು ಚೀಲ ಎತ್ತಿಕೊಟ್ಟರು. ಬಸ್ಸು ಹೊರಟ ಮೇಲೆ ನನ್ನ ಕಡೆ ತಿರುಗಿ, "ಮೊಗ ಉಟ್ಟುದ್ಮೇಲೆ ಇಲ್ಲೀಗೇ ತಂದು ತೋರ್ಸಾಕೇಳು. ನಾನಂತೂ ಅಲ್ಲೀಗೋಗಕಿಲ್ಲ" ಎಂದರು. ಕಪಿಲೆ ನಂಜನಗೂಡಿನ ಮಗಳು, ನರಸೀಪುರಕ್ಕೆ ಹರಿದು ಬಂದ ಸೊಸೆ. ನೀರು ಮೇಲಕ್ಕೆ ಹರಿಯುವುದಿಲ್ಲ, ಆದರೆ ಬಾಣಂತಿಯನ್ನು ನೋಡಲು ಮನುಷ್ಯರು ಮೇಲಕ್ಕೆ ಹೋಗಲೇಬೇಕು.

ನಂಜನಗೂಡಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ನಾನು ಅಲ್ಲೇ ಇದ್ದೆ. ಒಳಗಿನಿಂದ ಅವಳು ಕೂಗಿದ್ದು ತನ್ನ ಭಾಷೆಯಲ್ಲಿ. ಅವರ ಭಾಷೆಯಲ್ಲಿ ತಾಯಿಗೆ 'ಅಮೇ' ಎನ್ನುತ್ತಾರೆ. ಆ ಕೂಗಿಗೆ ನಾನೂ ಎದ್ದೆ, ನನ್ನ ತಮ್ಮನ ಹೆಂಡತಿಯೂ ಎದ್ದಳು, ಬೆಂಚಿನ ಮೇಲೆ ಕೂತಿದ್ದ ಯಾರೋ ಇನ್ನೊಬ್ಬ ಹೆಂಗಸೂ ಎದ್ದಳು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು, "ಹೆಣ್ಣು. ಯಾರು ತಗೋತೀರಿ?" ಎಂದರು. ನಾನು ಕೈ ಚಾಚಿದೆ. ಅವಳೂ ಚಾಚಿದಳು. ನರ್ಸಮ್ಮ ಒಂದು ಸಲ ಅತ್ತ, ಒಂದು ಸಲ ಇತ್ತ ನೋಡಿದರು. ನಾನೇ ಕೈ ಹಿಂದಕ್ಕೆ ತೆಗೆದುಕೊಂಡೆ. ತವರಿನವರದ್ದು ಮೊದಲ ಹಕ್ಕು. ಕೂಸನ್ನು ಎತ್ತಿಕೊಂಡ ಅವಳ ಮುಖ ಬಿಸಿಲು ಬಿದ್ದ ಹಾಗೆ ಆಯಿತು.

ಮಗ ತಂದೆಗೆ ಫೋನು ಮಾಡಿದ. ಅವರು "ಆಯ್ತು, ಆಯ್ತು" ಎಂದು ಇಟ್ಟರಂತೆ. ತಾಯಿಯನ್ನೂ ಮಗುವನ್ನೂ ತಮ್ಮನ ಮನೆಗೆ ಕರೆದುಕೊಂಡು ಬಂದ ಮೇಲೂ ಯಜಮಾನರ ಸುದ್ದಿಯಿಲ್ಲ. ನಾನೂ ಫೋನು ಮಾಡಲಿಲ್ಲ. ನನಗೂ ಹಟವಿದೆ. ಒಂದು ಬೆಳಗ್ಗೆ ಬೀದಿಯಲ್ಲಿ ಕೆಮ್ಮು ಕೇಳಿಸಿತು. ಆ ಕೆಮ್ಮು ಯಾರದೆಂದು ನನಗೆ ಹೇಳಬೇಕೆ? ಹೊರಗೆ ಬಂದು ನೋಡಿದರೆ ಯಜಮಾನರು ಎದುರು ಮನೆಯ ಗೋಡೆಗೆ ಒರಗಿಕೊಂಡು ನಿಂತಿದ್ದಾರೆ. ಒಗೆದ ಪಂಚೆ, ತಲೆಗೆ ಎಣ್ಣೆ, ಒಂದು ಕೈಯಲ್ಲಿ ರಸಬಾಳೆಯ ಚಿಪ್ಪು, ಇನ್ನೊಂದು ಕೈಯಲ್ಲಿ ಕಾಲು ಕಟ್ಟಿದ ನಾಟಿ ಕೋಳಿ. ಕೋಳಿಯೂ ನಮ್ಮ ಬಾಗಿಲ ಕಡೆಯೇ ನೋಡುತ್ತಿತ್ತು.

"ಮೊಗೀನ ಈಚ್ಗೆ ತಕ್ಕೊಂಡ್ ಬಾಮ್ಮಿ, ಇಲ್ಲಿಂದ್ಲೇ ನೋಡ್ಕೊಂಡ್ ಓಯ್ತೀನಿ."

"ಆಗಲ್ಲ" ಎಂದು ಒಳಗಿನಿಂದ ತಮ್ಮ ಕೂಗಿದ. "ಅಸಿ ಮೊಗೀನ ಬೀದೀಗ್ ತರಕಿಲ್ಲ. ನೋಡ್ಬೇಕಾದೋರು ಒಳಕ್ ಬರ್ಲಿ."

"ಆಣೆ ಮಾಡಿದೀನಿ ಕಣಪ್ಪ."

ತಮ್ಮ ಹೊಸಲಿನ ಮೇಲೆ ಬಂದು ನಿಂತ. ಅವನ ಮುಖ ನೋಡಿದರೆ, ಈ ಮಾತಿಗಾಗಿ ತಿಂಗಳುಗಟ್ಟಲೆ ಕಾದಂತಿತ್ತು. "ಏನಂತ ಆಣೆ ಮಾಡಿದ್ದೆ, ಒಸಿ ಗ್ಯಾಪಿಸ್ಕೋ. ನಿನ್ ಒಸ್ಲು ತುಳುದ್ರೆ ನಾನು ನಿನ್ ಬಾವನೇ ಅಲ್ಲ ಅಂದಿದ್ದೆ. ಅವ್ದಾ ಇಲ್ವಾ?"

"ಅವ್ದು."

"ಸರಿ ಬುಡು. ಈಗ ನೀನು ನಂಗೆ ಬಾವ ಅಲ್ಲ. ಬೀಗ. ಬೀಗ್ರು ಒಸ್ಲು ತುಳೀಬಾರ್ದು ಅಂತ ಯಾರೂ ಆಣೆ ಮಾಡಿಲ್ಲ."

ಯಜಮಾನರು ಯೋಚನೆ ಮಾಡಿದರು. ಇಡೀ ಕೇರಿ ಬಾಗಿಲುಗಳಲ್ಲಿ ನಿಂತು ಅವರ ಜೊತೆ ಯೋಚನೆ ಮಾಡಿತು. ಎದುರು ಮನೆಯ ಅಜ್ಜಿಯೊಬ್ಬರು, "ಸರಿಯಾಗೈತೆ ಕಣಪ್ಪ, ಆಣೆ ಕೆಡಕಿಲ್ಲ, ಓಗು" ಎಂದು ತೀರ್ಪು ಕೊಟ್ಟರು.

"ಆದ್ರೆ ಬೀಗ್ರಿಗೆ ಕಾಲಿಗೆ ನೀರು ಕೊಡ್ಬೇಕಲ್ಲ?" ಎಂದರು ನಮ್ಮವರು, ಗತ್ತಿನಿಂದ.

ತಮ್ಮ ಚೊಂಬಿನಲ್ಲಿ ನೀರು ತಂದು ತಾನೇ ಕಾಲಿಗೆ ಹೊಯ್ದ. ಸ್ವಲ್ಪ ಜಾಸ್ತಿಯೇ ಹೊಯ್ದ, ಪಂಚೆ ಅರ್ಧ ಒದ್ದೆಯಾಯಿತು. "ಬೀಗ್ರೇ, ಬಲಗಾಲಿಡಿ" ಎಂದ. ನಮ್ಮವರು ಕೋಳಿಯನ್ನು ಅವನ ಕೈಗೆ ಕೊಟ್ಟು, ಬಲಗಾಲಿಟ್ಟು ಒಳಗೆ ಬಂದರು. ಹಾಸಿಗೆಯ ಮೇಲೆ ಕಾಲು ಚಾಚಿಕೊಂಡಿದ್ದ ಸೊಸೆ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, "ನಗಿಸಬೇಡಿ, ನೋಯುತ್ತೆ, ನಗಿಸಬೇಡಿ" ಎಂದು ನಗುತ್ತಿದ್ದಳು. ಆವತ್ತು ನಮ್ಮವರು ಸಾರಿಗೆ ಖಾರ ಕಡಿಮೆ ಎಂದರು, ಮುದ್ದೆ ಗಟ್ಟಿ ಎಂದರು, ಬೀಗರು ಏನೇನು ಹೇಳಬಹುದೋ ಎಲ್ಲ ಹೇಳಿ, ಎರಡು ಸಲ ಬಡಿಸಿಕೊಂಡು ಉಂಡರು.

ಎಲ್ಲ ಆದರೂ ಆ ಫೋನು ಮಾತ್ರ ಹಾಗೇ ಇತ್ತು. ಬೆಳಗ್ಗೆ ಕೂಸಿಗೆ ಹಾಲು ಕೊಟ್ಟು ಮಲಗಿಸಿ ಅವಳು ಫೋನು ಮಾಡುವುದನ್ನು ಬಿಟ್ಟಿರಲಿಲ್ಲ. ಕೂಸಿಗೆ ಹೆಸರಿಡಲೂ ಬಿಟ್ಟಿರಲಿಲ್ಲ. ಅಮ್ಮನಿಗೆ ಗೊತ್ತಾಗಲಿ, ಆಮೇಲೆ ಎನ್ನುತ್ತಿದ್ದಳು.

ಅವತ್ತು ನಾನು ಅಲ್ಲೇ ಇದ್ದೆ. ಬಚ್ಚಲಿನಲ್ಲಿ ಬಾಣಂತಿಗೆ ನೀರು ಹಾಕಲು ಹಂಡೆ ಕಾಯುತ್ತಿತ್ತು. ಸೊಸೆ ಮೈಗೆಲ್ಲ ಅರಿಶಿನ, ಹರಳೆಣ್ಣೆ ಬಳಿದುಕೊಂಡು ಕೂತಿದ್ದಳು. ನಾನು ಅವಳ ತಲೆಗೆ ಎಣ್ಣೆ ತಟ್ಟುತ್ತಿದ್ದೆ. ನಡುಮನೆಯಲ್ಲಿ ಫೋನು ಬಡಿದುಕೊಂಡಿತು. ನನ್ನ ತಮ್ಮನ ಹೆಂಡತಿ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಎತ್ತಿದಳು. ಅವಳೇ ಆಮೇಲೆ ಹೇಳಿದ್ದು, ಫೋನಿನಲ್ಲಿ ಒಂದು ಹೆಂಗಸಿನ ಮುಖ. ಕೆನ್ನೆಗೆ ಗಂಧದ ಹಾಗಿರುವ ಬಿಳಿ ಲೇಪ, ಸೋತ ಕಣ್ಣು. ಇಬ್ಬರಿಗೂ ಮಾತು ತಿಳಿಯದು. ಇವಳು ಸುಮ್ಮನೆ ಫೋನನ್ನು ಕೂಸಿನ ಕಡೆ ತಿರುಗಿಸಿ ಹಿಡಿದಳು.

"ನೋಡವ್ವ, ನಿನ್ ಮೊಮ್ಮಗ್ಳು. ಚೆಂದಾಗವ್ಳೆ. ನಿನ್ ಮಗ್ಳೂ ಚೆಂದಾಗವ್ಳೆ. ನೀನು ಉಂಡ್ಯಾ?"

ಆ ಕಡೆಯಿಂದ ಆಕೆ ತನ್ನ ಭಾಷೆಯಲ್ಲಿ ಏನೋ ಹೇಳಿದರು. ಇವಳು "ಊಂ ಕಣವ್ವ, ಊಂ" ಎಂದಳು. ಅದೇನು ತಿಳಿದು ಊಂ ಎಂದಳೋ. ಬಚ್ಚಲಿನವರೆಗೂ ಆ ದನಿ ಕೇಳಿಸಿತು. ಸೊಸೆ "ಅಮೇ!" ಎಂದು ಚೀರಿ, ಎಣ್ಣೆ ಮೈಯಲ್ಲಿ ಒಂದು ಸೀರೆ ಸುತ್ತಿಕೊಂಡು ಓಡಿದಳು. ಜಾರೀತೆಂದು ನಾನು ಹಿಂದೆಯೇ ಓಡಿದೆ. ಅಮ್ಮ ಮಗಳು ಎಷ್ಟು ಹೊತ್ತು ಅತ್ತರೋ. ಹಂಡೆಯ ನೀರು ಕುದಿದು ಅರ್ಧವಾಯಿತು, ಯಾರೂ ಅದರ ಕಡೆ ನೋಡಲಿಲ್ಲ.

ಬಾಂಬು ಬಿದ್ದ ಮೇಲೆ ಆ ತಾಯಿ ಊರು ಬಿಟ್ಟು ನಡೆದು, ಸಿಕ್ಕ ಗಾಡಿ ಹತ್ತಿ, ದೂರದ ಒಂದು ಊರಿನ ಬೌದ್ಧ ಮಠ ಸೇರಿದ್ದಾರಂತೆ. ಅಲ್ಲಿ ಅಡುಗೆಗೆ ಕೈಜೋಡಿಸಿಕೊಂಡು ಇದ್ದಾರೆ. ಮಗಳ ಮೈಮೇಲಿನ ಅರಿಶಿನ ನೋಡಿ ಆಕೆ ಕೇಳಿದ ಮೊದಲ ಮಾತು, "ಯಾರು ಹಚ್ಚಿದ್ದು?" ಎಂದು. ಸೊಸೆ ನನ್ನ ತಮ್ಮನ ಹೆಂಡತಿಯನ್ನು ಪಕ್ಕಕ್ಕೆ ಎಳೆದುಕೊಂಡು ತೋರಿಸಿದಳು. ಆ ತಾಯಿ ಅಲ್ಲಿ ನೆಲದ ಮೇಲೆ ಮಂಡಿಯೂರಿ, ಫೋನಿನ ಮುಂದೆಯೇ ಹಣೆ ನೆಲಕ್ಕೆ ಹಚ್ಚಿದರು. ಇವಳು ಗಾಬರಿಯಾಗಿ, "ಏಳವ್ವ, ಏಳವ್ವ, ನೀನು ನಂಗಿಂತ ದೊಡ್ಡೋಳೋ ಚಿಕ್ಕೋಳೋ ಗೊತ್ತಿಲ್ಲ" ಎನ್ನುತ್ತಾ ತಾನೂ ಕೂಸಿನ ಸಮೇತ ನೆಲಕ್ಕೆ ಕೂತಳು.

ಹೆಸರು ಆ ತಾಯಿಯೇ ಇಟ್ಟರು. ಅದನ್ನು ಇಲ್ಲಿ ಬರೆಯುವುದಿಲ್ಲ. ಯಜಮಾನರಿಗೆ ಇನ್ನೂ ಸರಿಯಾಗಿ ಕರೆಯಲು ಬರುವುದಿಲ್ಲ, ನನ್ನ ಬರಹದಲ್ಲೂ ತಪ್ಪಾದರೆ ಕೂಸು ದೊಡ್ಡವಳಾಗಿ ಬೈದಾಳು.

ಇಷ್ಟಕ್ಕೆ ಮುಗಿದಿದ್ದರೂ ಸಾಕಿತ್ತು. ಕೂಸಿನ ಕಿವಿ ಚುಚ್ಚಿಸುವ ಮಾತು ಬಂತು. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸಬೇಕು. ಅವರಲ್ಲೂ ಹೆಣ್ಣುಮಕ್ಕಳಿಗೆ ಕಿವಿ ಚುಚ್ಚುವುದೆಂದರೆ ದೊಡ್ಡ ಹಬ್ಬವಂತೆ. ನನ್ನ ತಮ್ಮ ತನ್ನ ಮಕ್ಕಳನ್ನು ಮುಂದೆ ತಳ್ಳಿದ: "ಇಲ್ಲೇ ಅವ್ರಲ್ಲ ಮಾವಂದ್ರು!" ಸೊಸೆಯ ಮುಖ ನೋಡಿದ ನಮ್ಮ ಯಜಮಾನರೇ ಅಂದರು: "ಎತ್ತವ್ವನ್ ಒಡುಟ್ಟಿದೋರು ಇಬ್ರವ್ರೆ. ಅವ್ರುನ್ನ ಕೇಳ್ದೆ ಯಂಗ್ಲಾ?"

ತಾಯಿಗೆ ಹೇಳಿದ್ದಾಯಿತು. ಆಕೆ ಇಬ್ಬರು ಗಂಡುಮಕ್ಕಳಿಗೂ ಬೇರೆಬೇರೆಯಾಗಿ ಕೂಸಿನ ಫೋಟೊ ಕಳಿಸಿ, ನೀನು ಸೋದರಮಾವನಾಗಿದ್ದೀಯ, ಭಾರತದಲ್ಲಿ ನಿನ್ನ ತೊಡೆ ಬೇಕಂತೆ ಎಂದು ಹೇಳಿದರು. ಮಿಲಿಟರಿ ಕ್ಯಾಂಪಿನಿಂದ ಅಣ್ಣ, ಕೂಸು ತನ್ನ ಹಾಗೇ ಇದೆ ಎಂದನಂತೆ. ಕಾಡಿನಿಂದ ತಮ್ಮನೂ ಅದನ್ನೇ ಅಂದನಂತೆ. ಬರುತ್ತೀಯಾ ಎಂದು ಕೇಳಿದ್ದಕ್ಕೆ ಅಣ್ಣ, "ಅವನು ಬಂದರೆ ಬರುತ್ತೇನೆ" ಎಂದ. ತಮ್ಮ, "ಅವನನ್ನೇ ಮೊದಲು ಹೊರಡಲು ಹೇಳು" ಎಂದ. ಇಷ್ಟು ವರ್ಷದಲ್ಲಿ ಇನ್ನೊಬ್ಬನ ಮಾತು ಬಂದರೂ ಇಬ್ಬರೂ ಫೋನು ಇಡದೆ ಇದ್ದದ್ದು ಇದೇ ಮೊದಲು ಎಂದು ಆ ತಾಯಿ ನಗುತ್ತಾ ಅಳುತ್ತಾ ಹೇಳಿದರು.

"ಕಿವಿ ಎರಡವೆ, ಮಾವಂದ್ರೂ ಇಬ್ರವ್ರೆ. ಒಬ್ಬೊಬ್ರ ತೊಡೆ ಮ್ಯಾಲೆ ಒಂದೊಂದು ಚುಚ್ಸೋದು" ಎಂದರು ಯಜಮಾನರು. ಸೊಸೆ ಅದನ್ನು ಆ ಕಡೆಗೆ ತಲುಪಿಸಿದಳು. ಉತ್ತರವೂ ಬಂತು. ಇಬ್ಬರಿಗೂ ಬಲಗಿವಿಯೇ ಬೇಕಂತೆ.

ಅವರಿಬ್ಬರ ನಡುವೆ ಈಗ ನಡೆಯುತ್ತಿರುವ ಜಗಳ ಅದು. ಅಮ್ಮನ ಫೋನಿನ ಮೂಲಕ ಮಾತು ಹೋಗುತ್ತದೆ, ಬರುತ್ತದೆ, ಯಾರೂ ಸೋಲುತ್ತಿಲ್ಲ. ಯಾವಾಗ ಬರುತ್ತಾರೆಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಊರಿನವರು ಮಾತ್ರ ಕೇಳುತ್ತಲೇ ಇರುತ್ತಾರೆ, "ಎಣ್ಮಗೀನ ಕಿವೀಗೆ ಇನ್ನೂ ಯಾಕೆ ಏನೂ ಆಕಿಲ್ಲ?" ಎಂದು. ನಾನು ಕೂಸನ್ನು ಅವರ ಕಡೆ ತಿರುಗಿಸಿ ಹಿಡಿದು, "ಅವ್ಳ ಮಾವಂದ್ರು ಬಲಗಿವೀಗೆ ಕಿತ್ತಾಡ್ತಾವ್ರೆ ಕಣವ್ವ, ಇತ್ಯರ್ಥ ಆಗ್ಲಿ" ಎನ್ನುತ್ತೇನೆ. ಎಷ್ಟು ಹೆಮ್ಮೆಯಿಂದ ಹೇಳುತ್ತೇನೆಂದರೆ, ಬಂಗಾರದ ಓಲೆ ಹಾಕಿ ತೋರಿಸಿದರೂ ಅಷ್ಟು ಹೆಮ್ಮೆ ಬರಲಾರದು.